ಧ್ರುವೀಕರಣ ಅಂದ್ರೆ ಧ್ರುವದ ಕಡೆ ಹೋಗೋದಲ್ಲ

ಬಾಗಲಕೋಟೆಯ ಒಂದು ವಿಜ್ಞಾನ ಪ್ರದರ್ಶನದಲ್ಲಿ ಮೊನ್ನೆ ಫೆರೋಫ್ಲೂಯಿಡ್, ಅಂದ್ರೆ ಸೂಜಿಗಲ್ಲಿಗೆ ಮಣಿಯುವ ದ್ರವ, ನೋಡಿದೆ. ಎರಡು ಗಾಜಿನ ನಡುವೆ ಕಂದು ದ್ರವದ ತೆಳು ಪದರ, ಸುತ್ತ ಎಲ್‌ಇಡಿ ದೀಪ, ಕೆಳಗೆ ಸೂಜಿಗಲ್ಲು. ಬೆಳಕಿನ ಗೆರೆಗಳೇನೋ ಚೆಂದ. ಆದರೆ ಪಕ್ಕದ ಬೋರ್ಡಿನಲ್ಲಿ ‘ಧ್ರುವೀಕರಣ: ಬೆಳಕು ಅಯಸ್ಕಾಂತದ ಧ್ರುವಗಳತ್ತ ಬಾಗುವುದು’ ಎಂದಿತ್ತು. ಈ ತಪ್ಪನ್ನು ಎಷ್ಟು ಸಲ ಓದಬೇಕು?

ಚುನಾವಣೆ ಬಂದರೆ ಪತ್ರಿಕೆಗಳಲ್ಲಿ ಮತ ಧ್ರುವೀಕರಣ. ಅಲ್ಲಿ ಜನ ನಿಜವಾಗಿಯೂ ಎರಡು ತುದಿಗೆ ಸರಿಯುತ್ತಾರೆ. ಬೆಳಕು ಎಲ್ಲಿಗೂ ಸರಿಯುವುದಿಲ್ಲ. ಅದು ಸಾಗುವ ದಾರಿಗೆ ಅಡ್ಡಡ್ಡ ಅಲುಗುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ. ಆ ಅಲುಗಾಟ ಒಂದೇ ದಿಕ್ಕಿನದ್ದಾದರೆ ಧ್ರುವೀಕರಣ. 1808ರಲ್ಲಿ ಫ್ರಾನ್ಸಿನ ವಿಜ್ಞಾನಿ ಮಾಲ್ಯೂಸ್ ಕಿಟಕಿ ಗಾಜಿಗೆ ಬಡಿದು ಬಂದ ಬಿಸಿಲನ್ನು ಹರಳಿನೊಳಗಿಂದ ನೋಡುವಾಗ ಇದನ್ನು ಕಂಡ. ಬೆಳಕಿನ ಕಣಕ್ಕೂ ಸೂಜಿಗಲ್ಲಿನ ಹಾಗೆ ಧ್ರುವ ಇದೆ ಅಂದ್ಕೊಂಡು ಹೆಸರಿಟ್ಟ. ಊಹೆ ಬಿದ್ದುಹೋಯಿತು, ಹೆಸರು ಉಳಿಯಿತು. ನಾವು ಅದನ್ನು ಸಂಸ್ಕೃತಕ್ಕೆ ಹಾಕಿಕೊಂಡೆವು. ಧ್ರುವ ಅಂದರೆ ಅಲುಗದ್ದು. ಅಲುಗಾಟಕ್ಕೇ ಆ ಹೆಸರು, ನೋಡಿ!

ದ್ರವದ ಕತೆ ಇಷ್ಟು. ಎಣ್ಣೆಯಲ್ಲಿ ಸುಮಾರು 10 ನ್ಯಾನೊಮೀಟರಿನ ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡ್) ಕಣಗಳು. ಸೂಜಿಗಲ್ಲು ಹತ್ತಿರ ಬಂದರೆ ಸಾಲುಗಟ್ಟುತ್ತವೆ. ಇಳಕಲ್ ಮಗ್ಗದಲ್ಲಿ ಹಾಸಿನ ಎಳೆ ಮಾತ್ರ ಇದೆ, ಹೊಕ್ಕು ಇನ್ನೂ ಬಿದ್ದಿಲ್ಲ ಅನ್ನಿ. ಎಳೆಗುಂಟ ಅಲುಗುವ ಬೆಳಕನ್ನು ಸಾಲುಗಳು ಜಾಸ್ತಿ ಹೀರುತ್ತವೆ, ಅಡ್ಡ ಅಲುಗುವುದನ್ನು ಕಮ್ಮಿ. (ಸರಳಿನ ಸಂದಿಯಲ್ಲಿ ಹಗ್ಗ ಅಲ್ಲಾಡಿಸಿದರೆ ಸರಳಿನುದ್ದ ಅಲುಗಿದ್ದೇ ಆಚೆ ದಾಟುತ್ತದೆ ಅನ್ನೋ ಚಿತ್ರ ಇಲ್ಲಿ ಉಲ್ಟಾ.) ಬೆಳಕು ಅಷ್ಟರಮಟ್ಟಿಗೆ ಧ್ರುವೀಕರಣಗೊಂಡು ಆಚೆ ಬರುತ್ತದೆ. ಸೂಜಿಗಲ್ಲು ಅಲುಗಾಟದ ದಿಕ್ಕನ್ನೇ ತಿರುಗಿಸುವುದೂ ಉಂಟು, 1845ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ಗಾಜಿನಲ್ಲಿ ತೋರಿಸಿದ್ದು ಅದನ್ನೇ.

ಇನ್ನು ಆ ಗೆರೆಗಳು. ಸೂಜಿಗಲ್ಲಿನ ಬಲರೇಖೆಗಳೇ ಕಾಣ್ತಿವೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೀರಲ್ವಾ? ವೈಪರ್ ಒರೆಸಿದ ಜಿಡ್ಡು ಗಾಜಿನಲ್ಲಿ ಎದುರು ಲಾರಿಯ ದೀಪ ಉದ್ದ ಗೆರೆಯಾಗುತ್ತದೆ, ಒರೆಸಿದ ಗೀರಿಗೆ ಅಡ್ಡವಾಗಿ. ಇಲ್ಲೂ ಸಾಲಿಗೆ ಅಡ್ಡವಾಗಿಯೇ ಬೆಳಕು ಚದುರುತ್ತದೆ.

ಇಷ್ಟನ್ನೂ ಬೋರ್ಡಿನ ಪಕ್ಕ ನಿಂತಿದ್ದ ಹುಡುಗನಿಗೆ ಹೇಳಿ, ‘ಬೋರ್ಡಿನಲ್ಲಿ ಅಲುಗಾಟದ ದಿಕ್ಕು ಅಂತ ಬರಿ’ ಅಂದೆ. ಅವನು ಸೂಜಿಗಲ್ಲು ಎತ್ತಿಟ್ಟ, ಗೆರೆಗಳು ಕರಗಿದವು. ‘ಪರೀಕ್ಷೆದಾಗ ಧ್ರುವೀಕರಣ ಅಂತನ ಬರೀಬೇಕಲ್ರೀ ಸರ್’ ಅಂದ.