ಎರಡು ಎಕ್ಕ, ಮೂರು ಕೆಟ್ಟ ಎಲೆ

ಕೈಯಲ್ಲಿ ಇಸ್ಪೀಟ್ ಎಕ್ಕ, ಕಳಾವರ್ ಎಕ್ಕ. ಕೈಯ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಇವುಗಳಿಂದ ಅತಿ ಬಲವಾದ ಐದನ್ನು ಕೂಡಿಸುವ ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಿ ಇದಕ್ಕಿಂತ ಒಳ್ಳೆಯ ಆರಂಭವೇ ಇಲ್ಲ. ನೀವು ರೈಸ್ ಮಾಡಿ ಪಣ ಏರಿಸುತ್ತೀರಿ, ಉಳಿದವರೆಲ್ಲ ಎಲೆ ಕೆಳಗಿಡುತ್ತಾರೆ, ಒಬ್ಬ ಮಾತ್ರ ಕಾಲ್ ಮಾಡಿ ಅಷ್ಟೇ ಪಣ ಹಾಕುತ್ತಾನೆ. ಇಬ್ಬರಿಗೂ ಸೇರಿದ ಮೊದಲ ಮೂರು ಎಲೆ, ಅಂದರೆ ಫ್ಲಾಪ್, ಮೇಜಿನ ಮೇಲೆ ಬೀಳುತ್ತದೆ: ಆಠೀನ್ ಗುಲಾಮ, ಆಠೀನ್ ಹತ್ತು, ಡೈಮಂಡ್ ಒಂಬತ್ತು. ಪಾಟ್‌ನಲ್ಲಿ ಈವರೆಗಿನ ಪಣವೆಲ್ಲ ಸೇರಿ 100 ಚಿಪ್ಸ್ ಇದೆ. ಎದುರಾಳಿ ಅರೆಗಳಿಗೆ ಯೋಚಿಸಿ ತನ್ನ ಬಳಿ ಉಳಿದಿದ್ದ 100 ಚಿಪ್ಸನ್ನೂ ಮುಂದಕ್ಕೆ ತಳ್ಳುತ್ತಾನೆ.

ಈಗೇನು ಮಾಡುತ್ತೀರಿ?

ಹೆಚ್ಚಿನವರು ಕಾಲ್ ಮಾಡುತ್ತಾರೆ, ಅದೂ ಲೆಕ್ಕ ಹಾಕಿ ಅಲ್ಲ. ಎಕ್ಕದ ಜೋಡಿ ಬರುವುದು 221 ಆಟಕ್ಕೊಮ್ಮೆ. ಗಂಟೆಗೆ ಮೂವತ್ತು ಆಟ ಹಂಚುವ ಮೇಜಿನಲ್ಲಿ ಸರಾಸರಿ ಏಳು ಗಂಟೆ ಕಾದರೆ ಒಮ್ಮೆ ಸಿಗುವ ಭಾಗ್ಯ. ಅಷ್ಟು ಹೊತ್ತು ಕಾದು ಬಂದದ್ದನ್ನು ಮೂರು ಎಲೆ ಕಂಡೊಡನೆ ಬಿಟ್ಟುಕೊಡಲು ಯಾರಿಗೆ ಮನಸ್ಸಾದೀತು? ಕೈಗೆ ಬಂದ ಲಾಭದ ಖುಷಿಗಿಂತ ಅಷ್ಟೇ ನಷ್ಟದ ನೋವು ಹೆಚ್ಚು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ವಾದಿಸಿದ್ದರು. ಎಕ್ಕ ಹಿಡಿದವನ ಪಾಲಿಗೆ ಆ ಪಾಟ್ ಆಗಲೇ ತನ್ನದು. ಫೋಲ್ಡ್ ಮಾಡುವುದೆಂದರೆ, ಎಲೆ ಕೆಳಗಿಡುವುದೆಂದರೆ, ತನ್ನದನ್ನು ಕಳೆದುಕೊಂಡ ಹಾಗೆ.

ಎಲೆಗಳಿಗೆ ಮಾತ್ರ ಈ ಭಾವನೆಯ ಹಂಗಿಲ್ಲ. ಯಾವುದೋ ಎರಡು ಎಲೆ ಹಿಡಿದ ಒಬ್ಬನೇ ಎದುರಾಳಿಯ ವಿರುದ್ಧ ಎಕ್ಕದ ಜೋಡಿ ಗೆಲ್ಲುವುದು ಸುಮಾರು ಶೇ. 85ರಷ್ಟು ಸಲ. ನಾಲ್ವರು ಎದುರಾಳಿಗಳು ಕೊನೆಯವರೆಗೂ ಉಳಿದರೆ ಅದು ಶೇ. 56ಕ್ಕೆ ಇಳಿಯುತ್ತದೆ. ಇವು ಫ್ಲಾಪ್‌ಗೆ ಮೊದಲಿನ ಅಂಕಿಗಳು. ಫ್ಲಾಪ್ ಬಿದ್ದ ಕ್ಷಣ ಹಳೆಯ ಲೆಕ್ಕ ಹಳತಾಯಿತು. ಹೊಸ ಸಾಕ್ಷ್ಯ ಸಿಕ್ಕಾಗ ಹಳೆಯ ಅಂದಾಜನ್ನು ಹೇಗೆ ತಿದ್ದಬೇಕು ಎಂಬುದರ ಗಣಿತವನ್ನು ಥಾಮಸ್ ಬೇಯ್ಸ್ ಬರೆದಿಟ್ಟಿದ್ದ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1763ರಲ್ಲಿ. ಪೋಕರ್ ಮೇಜಿನಲ್ಲಿ ಆ ಗಣಿತಕ್ಕೆ ಸೂತ್ರವೂ ಬೇಡ, ಎಣಿಕೆ ಬಂದರೆ ಸಾಕು.

ಎಣಿಸೋಣ. ರಾಜ ಮತ್ತು ರಾಣಿ ಎದುರಾಳಿಯ ಕೈಯಲ್ಲಿರಲು ಎಷ್ಟು ದಾರಿ? ನಾಲ್ಕು ರಾಜ, ನಾಲ್ಕು ರಾಣಿ, ಒಟ್ಟು 16 ದಾರಿ. ಫ್ಲಾಪ್‌ಗೆ ಮೊದಲು ಈ ರಾಜ–ರಾಣಿಯನ್ನು ನಮ್ಮ ಎಕ್ಕಗಳು ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಸೋಲಿಸುತ್ತಿದ್ದವು. ಈಗ ಅವನ ಬಳಿ ಒಂಬತ್ತರಿಂದ ರಾಜನವರೆಗಿನ ಸ್ಟ್ರೇಟ್, ಅಂದರೆ ಸಾಲಾಗಿ ಐದು ಎಲೆ, ಕೂತಿದೆ. ನಾವು ಗೆಲ್ಲುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಇನ್ನು ಸೆಟ್‌ಗಳು: ಕೈಯ ಜೋಡಿಗೆ ಮೇಜಿನ ಅದೇ ಎಲೆ ಸೇರಿ ಮೂರಾದವು. ಗುಲಾಮನ ಜೋಡಿಗೆ ಉಳಿದ ಮೂರು ಗುಲಾಮರಿಂದ 3 ದಾರಿ, ಹತ್ತರ ಜೋಡಿಗೆ 3, ಒಂಬತ್ತರ ಜೋಡಿಗೆ 3. ಅಲ್ಲಿಗೆ 9. ಗುಲಾಮ–ಹತ್ತು ಹಿಡಿದು ಎರಡು ಜೋಡಿ ಮಾಡಿಕೊಂಡವನಿಗೆ ಇನ್ನೂ 9. ಒಟ್ಟು 34 ದಾರಿಗಳಲ್ಲಿ ನಾವು ಆಗಲೇ ಹಿಂದೆ ಬಿದ್ದಿದ್ದೇವೆ. ರಾಣಿ–ಎಂಟು, ಎಂಟು–ಏಳು ಹಿಡಿದವನಿಗೂ ಸ್ಟ್ರೇಟ್ ಆಗಿದೆ, ಆದರೆ ನಮ್ಮ ರೈಸ್‌ಗೆ ಅಂಥ ಎಲೆಯಲ್ಲಿ ಕಾಲ್ ಮಾಡುವವರು ಕಡಿಮೆ ಎಂದು ಬಿಟ್ಟಿದ್ದೇನೆ.

ನಾವು ಮುಂದಿರುವ ಕಡೆ ಏನಿದೆ? ರಾಣಿಯ ಜೋಡಿ, 6 ದಾರಿ. ಆಠೀನ್ ಎಕ್ಕದ ಜೊತೆ ಇನ್ನೊಂದು ಆಠೀನ್ ಹಿಡಿದು, ಒಂದೇ ಬಣ್ಣದ ಐದು ಎಲೆಯ ಫ್ಲಶ್‌ಗೆ ಕಾಯುತ್ತಿರುವವನು, 10 ದಾರಿ. ಈ 16ರ ವಿರುದ್ಧವೂ ನಮ್ಮ ಗೆಲುವು ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಎಲ್ಲವನ್ನೂ ಕೂಡಿ ಭಾಗಿಸಿದರೆ ನಮ್ಮ ಪಾಲು ಸುಮಾರು ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕಾಲ್ ಸೇರಿ ಆಗುವ 300 ಚಿಪ್ಸಿನ ಪಾಟ್‌ಗಾಗಿ 100 ಹಾಕಬೇಕಾದಾಗ ಬೇಕಾದದ್ದು ಮೂರನೇ ಒಂದು ಭಾಗ. ಹಾಗಾದರೆ ಎಕ್ಕ ಎಸೆಯುವುದೇ ಸರಿ.

ನಿಲ್ಲಿ, ಮುಗಿದಿಲ್ಲ. ಈ ಎದುರಾಳಿ ಒಂದು ಗುಲಾಮನ ಜೋಡಿ ಸಿಕ್ಕರೂ ಎಲ್ಲ ಚಿಪ್ಸ್ ತಳ್ಳುವ ಬಿಸಿರಕ್ತದವನು ಎಂದುಕೊಳ್ಳಿ. ಆಗ ಎಕ್ಕ–ಗುಲಾಮದ 6 ದಾರಿ (ಎರಡು ಎಕ್ಕ ನಮ್ಮಲ್ಲೇ ಇವೆಯಲ್ಲ), ರಾಜ–ಗುಲಾಮದ 12 ದಾರಿ ಪಟ್ಟಿಗೆ ಸೇರುತ್ತವೆ. ಈ 18ರ ವಿರುದ್ಧ ನಾವು ಹತ್ತರಲ್ಲಿ ಏಳು ಸಲ ಗೆಲ್ಲುತ್ತೇವೆ. ಮತ್ತೆ ಕೂಡಿ ನೋಡಿದರೆ ನಮ್ಮ ಪಾಲು ಶೇ. 37ರ ಹತ್ತಿರ. ಈಗ ಕಾಲ್ ಮಾಡುವುದೇ ಸರಿ. ಅದೇ ಎಕ್ಕ, ಅದೇ ಫ್ಲಾಪ್, ಅದೇ 100 ಚಿಪ್ಸ್. ಬದಲಾದದ್ದು ಎದುರು ಕೂತವನ ಸ್ವಭಾವ ಮಾತ್ರ. ‘ಎಕ್ಕದ ಜೋಡಿ ಬಲವಾದದ್ದು’ ಎಂಬ ಮಾತು ನನಗೆ ಅರ್ಧ ವಾಕ್ಯದಂತೆ ಕೇಳುವುದು ಇದಕ್ಕೇ. ಯಾರ ಎದುರು, ಯಾವ ಎಲೆಗಳ ಮೇಲೆ ಎಂಬುದನ್ನು ಹೇಳುವವರೆಗೆ ಅದಕ್ಕೆ ಪೂರ್ತಿ ಅರ್ಥವಿಲ್ಲ. ಆಟಗಾರರು ಎದುರಾಳಿಯ ಒಂದು ಕೈಯನ್ನು ಊಹಿಸದೆ ಅವನ ಇಡೀ ರೇಂಜನ್ನು, ಅಂದರೆ ಅವನಲ್ಲಿ ಇರಬಹುದಾದ ಎಲ್ಲ ಕೈಗಳನ್ನು, ಊಹಿಸುತ್ತಾರೆ. ‘ಅವನ ಬಳಿ ರಾಜ–ರಾಣಿ ಇದೆ, ನನಗೆ ಗೊತ್ತು’ ಎನ್ನುವವನಿಗೆ ಏನೂ ಗೊತ್ತಿರುವುದಿಲ್ಲ.

ಹೋಲಿಕೆಗೆ ಒಂದು ಒಣ ಫ್ಲಾಪ್, ಅಂದರೆ ಎಲೆಗಳು ಒಂದಕ್ಕೊಂದು ಹೊಂದದ ಫ್ಲಾಪ್, ನೋಡಿ: ಡೈಮಂಡ್ ರಾಜ, ಇಸ್ಪೀಟ್ ಏಳು, ಆಠೀನ್ ಎರಡು. ಇಲ್ಲಿ ನಮ್ಮನ್ನು ಮೀರಿಸುವುದು ಹೆಚ್ಚುಕಡಿಮೆ ಮೂರು ಬಗೆಯ ಸೆಟ್‌ಗಳು ಮಾತ್ರ, 9 ದಾರಿ. ನಮಗೆ ಚಿಪ್ಸ್ ಕೊಡಲು ತಯಾರಾಗಿ ಕೂತಿರುವ ಎಕ್ಕ–ರಾಜ, ರಾಜ–ರಾಣಿ, ರಾಜ–ಗುಲಾಮ ಸೇರಿದರೆ 30. ಇಲ್ಲಿ ಧೈರ್ಯವಾಗಿ ಬೆಟ್ ಮಾಡಬಹುದು, ಹೆಚ್ಚು ಯೋಚನೆಯೂ ಬೇಡ.

ಒದ್ದೆ ಫ್ಲಾಪ್‌ನಲ್ಲಿ (ಗುಲಾಮ–ಹತ್ತು–ಒಂಬತ್ತಿನಂತೆ ಸ್ಟ್ರೇಟ್, ಫ್ಲಶ್ ಎರಡಕ್ಕೂ ದಾರಿ ಇರುವಂಥದ್ದರಲ್ಲಿ) ಇಬ್ಬರ ಬಳಿಯೂ ಚಿಪ್ಸ್ ರಾಶಿ ಉಳಿದಿದ್ದರೆ ಕಷ್ಟ ಇನ್ನೂ ದೊಡ್ಡದು, ಏಕೆಂದರೆ ಟರ್ನ್ ಮತ್ತು ರಿವರ್ ಎಂಬ ಇನ್ನೆರಡು ಎಲೆ ಬಾಕಿ ಇವೆ. 2019ರಲ್ಲಿ ಆರು ಜನರ ಮೇಜಿನಲ್ಲಿ ವೃತ್ತಿಪರ ಆಟಗಾರರನ್ನು ಸೋಲಿಸಿದ ಪ್ಲೂರಿಬಸ್ ಎಂಬ ಪ್ರೋಗ್ರಾಂ ಮೊದಲು ಆಟ ಕಲಿತದ್ದು ತನ್ನ ವಿರುದ್ಧ ತಾನೇ ಆಡಿ. ಇಂಥ ಲೆಕ್ಕಾಚಾರದ ಪ್ರೋಗ್ರಾಂಗಳು ಒದ್ದೆ ಫ್ಲಾಪ್‌ನಲ್ಲಿ ದೊಡ್ಡ ಜೋಡಿಯನ್ನೂ ಎಷ್ಟೋ ಸಲ ಚೆಕ್ ಮಾಡಿ, ಅಂದರೆ ಪಣ ಹಾಕದೆ ಬಿಟ್ಟು, ಪಾಟನ್ನು ಚಿಕ್ಕದಾಗಿಯೇ ಇಡುತ್ತವೆ. ‘ಎಕ್ಕ ಬಂದರೆ ಬಾರಿಸು’ ಎಂದು ಆಟ ಕಲಿತವರಿಗೆ ಇದು ಹೇಡಿತನದಂತೆ ಕಂಡೀತು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು.

ಆಮೇಲೆ ಒಂದು ಸಂಜೆ ಅದೇ ಗುಲಾಮ–ಹತ್ತು–ಒಂಬತ್ತನ್ನು ಮೇಜಿನ ಮೇಲಿಟ್ಟು, ಕಣ್ಣಿಗೆ ಕಾಣದ 47 ಎಲೆಗಳನ್ನು ಒಂದೊಂದಾಗಿ ಎರಡು ರಾಶಿ ಮಾಡಿದೆ: ಟರ್ನ್‌ನಲ್ಲಿ ಬಂದರೆ ಎದೆ ಧಸಕ್ಕೆನ್ನುವವು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಹನ್ನೊಂದು ಆಠೀನ್ ಮೊದಲ ರಾಶಿಗೆ ಹೋದವು. ಬೇರೆ ಬಣ್ಣದ ರಾಜ, ರಾಣಿ, ಎಂಟು, ಏಳು ತಲಾ ಮೂರರಂತೆ ಹನ್ನೆರಡು. ಒಟ್ಟು 23, ಹತ್ತಿರ ಹತ್ತಿರ ಅರ್ಧ ಕಟ್ಟು. ನನ್ನ ಜೋಡಿಯನ್ನು ಮೂರಾಗಿಸಬಲ್ಲ ಎಲೆ ಎರಡೇ ಎರಡು, ಉಳಿದ ಎಕ್ಕಗಳು. ಅವುಗಳಲ್ಲೂ ಒಂದು ಆಠೀನ್ ಆಗಿದ್ದರಿಂದ ಆಗಲೇ ಮೊದಲ ರಾಶಿಯಲ್ಲಿತ್ತು.