‘ಮುನ್ಸೂಚಕ’: ಯಾವುದರ ಸೂಚನೆ?

ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಇಮ್ಯುನೊಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಯ) ಬಗೆಗಿನ ಬರಹಗಳಲ್ಲಿ ‘ಮುನ್ಸೂಚಕ’ ಎಂಬ ಪದ ಈಗ ಸಿಕ್ಕಸಿಕ್ಕಲ್ಲಿ ಬಂದು ಕೂರುತ್ತಿದೆ. ರಕ್ತದಲ್ಲಿ ಏರಿದ ಎಲ್‌ಡಿಎಚ್ ಎಂಬ ಕಿಣ್ವ ಮುನ್ಸೂಚಕ, ರೋಗಿಯ ತೂಕ ಇಳಿದದ್ದು ಮುನ್ಸೂಚಕ, ರೋಗನಿರೋಧಕ ಕೋಶಗಳನ್ನು ತಡೆಯುವ, ಗೆಡ್ಡೆಯ ಮೇಲಿನ ಪಿಡಿ-ಎಲ್1 ಪ್ರೋಟೀನ್ ಮುನ್ಸೂಚಕ, ಸಿಟಿ ಚಿತ್ರದಲ್ಲಿ ಕಂಪ್ಯೂಟರು ಗುರುತಿಸಿದ ಯಾವುದೋ ವಿನ್ಯಾಸವೂ ಮುನ್ಸೂಚಕ. ಮೊನ್ನೆ ಓದಿದ ಒಂದು ಲೇಖನದಲ್ಲಿ ಈ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿದ್ದನ್ನು ಕಂಡ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಪದದ ಒಡಲಲ್ಲೇ ತೊಡಕಿನ ಬೀಜವಿದೆ. ‘ಮುನ್’ ಅಚ್ಚ ಕನ್ನಡದ್ದು, ‘ಸೂಚಕ’ ಸಂಸ್ಕೃತದ್ದು. ಎರಡನ್ನೂ ಬೆಸೆದದ್ದು ಅರಿಸಮಾಸವೆಂದು ಹಳೆಯ ವ್ಯಾಕರಣಕಾರರು ಮೂಗು ಮುರಿಯಬಹುದು, ಆದರೆ ನನ್ನ ತಕರಾರು ಅದಲ್ಲ. ‘ಮುನ್’ ಎಂಬುದು ‘ಮುಂಚೆ’ಯಲ್ಲಿ ಹಿಂದಿನ ಕಾಲವನ್ನೂ ‘ಮುಂದೆ’ಯಲ್ಲಿ ಬರಲಿರುವ ಕಾಲವನ್ನೂ ಹೇಳುವ ವಿಚಿತ್ರ ಮೂಲಪದ, ಅದು ಸೂಚನೆಯ ಜೊತೆ ಸೇರಿದಾಗ, ಮುಂದೆ ಆಗುವುದನ್ನು ಮುಂಚೆಯೇ ತಿಳಿಸುವುದು ಎಂಬಷ್ಟೇ ಅರ್ಥ ಹೊಮ್ಮುತ್ತದೆ. ಹವಾಮಾನದ ಮುನ್ಸೂಚನೆ ಈ ಅರ್ಥದ್ದೇ: ನೀವು ಕೊಡೆ ಹಿಡಿದರೂ ಬಿಟ್ಟರೂ ಮಳೆ ಬರುವುದು ಬರುತ್ತದೆ. ವೈದ್ಯಕೀಯದಲ್ಲಿ ಮುನ್ಸೂಚಕ ಎಂದಾಗ ಕೇಳುತ್ತಿರುವ ಪ್ರಶ್ನೆ ಮಳೆಯದ್ದಲ್ಲ, ಕೊಡೆಯದ್ದು: ಈ ಕೊಡೆ ಈ ವ್ಯಕ್ತಿಗೆ ಬೇರೆ ಕೊಡೆಗಿಂತ ಹೆಚ್ಚು ಉಪಯೋಗವಾಗುತ್ತದೆಯೇ?

ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ‘ಪ್ರಾಗ್ನಾಸ್ಟಿಕ್’ ಗ್ರೀಕಿನಿಂದ ಬಂದದ್ದು, ಅದರ ಬೇರು ‘ಮೊದಲೇ ಅರಿಯುವುದು’. ‘ಪ್ರೆಡಿಕ್ಟಿವ್’ ಲ್ಯಾಟಿನ್ನಿನದು, ಬೇರು ‘ಮೊದಲೇ ನುಡಿಯುವುದು’. ಅಕ್ಷರಶಃ ಕನ್ನಡಿಸಿದರೆ ಒಂದು ಮುನ್ನರಿವು, ಇನ್ನೊಂದು ಮುನ್ನುಡಿ. ಎರಡನೆಯದನ್ನು ಪುಸ್ತಕ ಬರೆಯುವವರು ಆಗಲೇ ತಮ್ಮದಾಗಿಸಿಕೊಂಡಿರುವುದರಿಂದ ಅದು ನಮ್ಮ ಕೈಗೆ ಸಿಗುವಂತಿಲ್ಲ. ಬೇರುಗಳನ್ನು ಎಷ್ಟು ಅಗೆದರೂ ಈ ಪದಗಳ ತಾಂತ್ರಿಕ ವ್ಯತ್ಯಾಸ ಸಿಗುವುದಿಲ್ಲ, ಏಕೆಂದರೆ ಅದು ಕ್ಯಾನ್ಸರ್ ಸಂಶೋಧಕರು ರೂಢಿಯಿಂದ ಕಟ್ಟಿಕೊಂಡದ್ದು. ಯಾವ ಚಿಕಿತ್ಸೆ ಕೊಟ್ಟರೂ ರೋಗ ಹೇಗೆ ಸಾಗುತ್ತದೆಂದು ತಿಳಿಸುವುದು ಪ್ರಾಗ್ನಾಸ್ಟಿಕ್. ಒಂದು ಚಿಕಿತ್ಸೆಯಿಂದ ಇನ್ನೊಂದಕ್ಕಿಂತ ಸಿಗುವ ಲಾಭ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ತಿಳಿಸುವುದು ಪ್ರೆಡಿಕ್ಟಿವ್. ಮೊದಲನೆಯದಕ್ಕೆ ‘ರೋಗಗತಿಸೂಚಕ’ ಎಂಬ ಸರಳ ಪದ ಸಾಕು. ‘ಮುನ್ಸೂಚಕ’ವನ್ನು ಎರಡನೆಯದಕ್ಕೆ ಮೀಸಲಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಈ ವ್ಯತ್ಯಾಸಕ್ಕೆ ಸ್ವಚ್ಛವಾದ ಉದಾಹರಣೆ ಸಿಗುವುದು ಇಮ್ಯುನೊಥೆರಪಿಯಲ್ಲಲ್ಲ, ಅದರ ಪಕ್ಕದಲ್ಲಿ. 2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗ ಶ್ವಾಸಕೋಶದ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಇದ್ದವರಲ್ಲಿ, ಇಜಿಎಫ್‌ಆರ್ ಪ್ರೋಟೀನನ್ನು ತಡೆಯುವ ಜೆಫಿಟಿನಿಬ್ ಮಾತ್ರೆಯನ್ನು ಕೀಮೋಥೆರಪಿಗೆ ಹೋಲಿಸಿತು. ಇಜಿಎಫ್‌ಆರ್ ಜೀನಿನ ರೂಪಾಂತರ ಇದ್ದವರಲ್ಲಿ ಮಾತ್ರೆಗೆ ಶೇ. 71.2ರಷ್ಟು ಮಂದಿಯ ಗೆಡ್ಡೆ ಕುಗ್ಗಿತು, ಕೀಮೋಗೆ ಶೇ. 47.3, ರೂಪಾಂತರ ಇಲ್ಲದವರಲ್ಲಿ ಮಾತ್ರೆಗೆ ಶೇ. 1.1, ಕೀಮೋಗೆ ಶೇ. 23.5. ಒಂದು ಗುಂಪಿನಲ್ಲಿ ಗೆದ್ದ ಮಾತ್ರೆ ಇನ್ನೊಂದರಲ್ಲಿ ನೆಲಕಚ್ಚಿತು. ಇದು ಮುನ್ಸೂಚಕದ ಲಕ್ಷಣ. ಜೊತೆಗೆ, ರೂಪಾಂತರ ಇದ್ದವರು ಕೀಮೋಗೂ ಇಲ್ಲದವರಿಗಿಂತ ಚೆನ್ನಾಗಿಯೇ ಸ್ಪಂದಿಸಿದ್ದನ್ನು ಗಮನಿಸಿ. ಮಾತ್ರೆ ಪಡೆದವರನ್ನಷ್ಟೇ ನೋಡಿದ್ದರೆ, 71.2ರಲ್ಲಿ ಔಷಧಿಯ ಪಾಲೆಷ್ಟು, ರೋಗದ ಸ್ವಭಾವದ ಪಾಲೆಷ್ಟು ಎಂದು ಬಿಡಿಸಿ ಹೇಳಲು ದಾರಿಯೇ ಇರುತ್ತಿರಲಿಲ್ಲ.

ಇಮ್ಯುನೊಥೆರಪಿಯ ಬರಹಗಳು ಎಡವುವುದು ಇಲ್ಲೇ. 2018ರಲ್ಲಿ ಬಂದ ‘ಲಿಪಿ’ ಎಂಬ ಅಂಕಪಟ್ಟಿಯನ್ನೇ ನೋಡಿ. ನ್ಯೂಟ್ರೊಫಿಲ್‌ಗಳ ಸಂಖ್ಯೆಯನ್ನು ಉಳಿದ ಬಿಳಿ ರಕ್ತಕಣಗಳ ಸಂಖ್ಯೆಯಿಂದ ಭಾಗಿಸಿದಾಗ 3ಕ್ಕಿಂತ ಹೆಚ್ಚು ಬಂದರೆ ಒಂದು ಅಂಕ, ಎಲ್‌ಡಿಎಚ್ ಮಿತಿ ಮೀರಿದ್ದರೆ ಇನ್ನೊಂದು; ಎರಡೂ ಇದ್ದವರ ಸ್ಥಿತಿ ಕೆಟ್ಟದ್ದು. ಮೊದಲ ಅಧ್ಯಯನದಲ್ಲಿ ಈ ಅಂಕಗಳು ಇಮ್ಯುನೊಥೆರಪಿ ಪಡೆದವರ ಫಲಿತಾಂಶದೊಂದಿಗೆ ಹೊಂದಿಕೊಂಡವು, ಕೀಮೋ ಪಡೆದವರೊಂದಿಗೆ ಹೊಂದಲಿಲ್ಲ. ಹಾಗಾಗಿ ಮುನ್ಸೂಚಕವೇ ಸಿಕ್ಕಿತೆಂಬ ಉತ್ಸಾಹ ಹರಡಿತು. ಮರುವರ್ಷ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಹಲವು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಇಮ್ಯುನೊಥೆರಪಿ, ಕೀಮೋ, ಗುರಿಚಿಕಿತ್ಸೆ (ಜೆಫಿಟಿನಿಬ್‌ನಂಥ ಔಷಧಿ) ಎಲ್ಲದರಲ್ಲೂ ಕೆಟ್ಟ ಅಂಕದವರ ಗತಿ ಕೆಟ್ಟದ್ದೇ ಆಗಿತ್ತು. ವಾಸ್ತವವಾಗಿ ಆ ಅಂಕಪಟ್ಟಿಯ ಪೂರ್ಣ ಇಂಗ್ಲಿಷ್ ಹೆಸರಿನಲ್ಲೇ ‘ಪ್ರಾಗ್ನಾಸ್ಟಿಕ್’ ಎಂದಿದೆ, ಹೆಸರನ್ನಾದರೂ ಓದಬೇಕಿತ್ತು. ಕನ್ನಡದ ಕಿವಿಗೆ ‘ಲಿಪಿ’ ಎಂದರೆ ಹಣೆಯ ಲಿಪಿಯೂ ನೆನಪಾಗುವುದು ಇಲ್ಲಿ ಅನುಕೂಲವೇ ಸರಿ: ಅದು ಹಣೆಬರಹವನ್ನು ಹೇಳುತ್ತದೆ, ಯಾವ ಔಷಧಿ ಹಿಡಿಯಬೇಕೆಂದು ಹೇಳುವುದಿಲ್ಲ.

ಹಾಗಾದರೆ ಪಿಡಿ-ಎಲ್1? ಅದಕ್ಕೆ ಮುನ್ಸೂಚಕವೆಂಬ ಬಿರುದು ಸಲ್ಲುತ್ತದೆ, ಆದರೆ ಎಲ್ಲೆಲ್ಲೂ ಅಲ್ಲ. 2015ರಲ್ಲಿ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಡೊಸಿಟ್ಯಾಕ್ಸೆಲ್ ಕೀಮೋಗೆ ಹೋಲಿಸಿದ ಎರಡು ಪ್ರಯೋಗಗಳು ಪ್ರಕಟವಾದವು. ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಅಲ್ಲದ ಬಗೆಯ ಕ್ಯಾನ್ಸರಿನಲ್ಲಿ ಪಿಡಿ-ಎಲ್1 ಇದ್ದವರಿಗೆ ಲಾಭ ಹೆಚ್ಚು ಕಂಡಿತು. ಸ್ಕ್ವೇಮಸ್ ಬಗೆಯಲ್ಲಿ ನಿವೊಲುಮಾಬ್ ಪಡೆದವರ ಬದುಕಿನ ಮಧ್ಯಮಾವಧಿ (ಅರ್ಧ ಮಂದಿ ದಾಟಿದ ಅವಧಿ) 9.2 ತಿಂಗಳು, ಕೀಮೋ ಪಡೆದವರದ್ದು 6.0, ಆದರೆ ಆ ಲಾಭಕ್ಕೂ ಪಿಡಿ-ಎಲ್1ಗೂ ನಂಟು ಸಿಗಲಿಲ್ಲ, ಅಲ್ಲಿ ಅದು ರೋಗಗತಿಸೂಚಕವೂ ಆಗಲಿಲ್ಲ, ಮುನ್ಸೂಚಕವೂ ಆಗಲಿಲ್ಲ. ಅದೇ ಔಷಧಿ, ಅದೇ ಹೋಲಿಕೆ, ಅದೇ ಪ್ರೋಟೀನ್. ಕ್ಯಾನ್ಸರಿನ ಬಗೆ ಬದಲಾದೊಡನೆ ಪದವೂ ಕೈಬಿಟ್ಟಿತು. ಆದ್ದರಿಂದ ‘ಪಿಡಿ-ಎಲ್1 ಮುನ್ಸೂಚಕ’ ಎಂದಷ್ಟೇ ಬರೆದು ನಿಲ್ಲಿಸುವುದು ಅಪೂರ್ಣ ವಾಕ್ಯ: ಯಾವ ಬಗೆಯ ಕ್ಯಾನ್ಸರಿನಲ್ಲಿ, ಯಾವ ಔಷಧಿಗೆ, ಯಾವುದಕ್ಕೆ ಹೋಲಿಸಿದಾಗ ಎಂಬುದನ್ನೂ ಬರೆಯಬೇಕು. ಅಳೆಯುವ ವಿಧಾನವೂ ಮುಖ್ಯವೇ. ಎಸ್‌ಪಿ142 ಎಂಬ ಪ್ರತಿಕಾಯದಿಂದ ಬಣ್ಣ ಕಟ್ಟಿಸಿದರೆ 22ಸಿ3 ಎಂಬ ಇನ್ನೊಂದರಲ್ಲಿ ಕಾಣುವುದಕ್ಕಿಂತ ಕಡಿಮೆ ಗೆಡ್ಡೆಕೋಶಗಳಲ್ಲಿ ಪಿಡಿ-ಎಲ್1 ಕಾಣುತ್ತದೆ.

ಬಿರುದು ಸಂದಲ್ಲಿಯೂ ಅದರ ಅಳತೆ ಗೊತ್ತಿರಲಿ. 2016ರ ಕೀನೋಟ್-024 ಪ್ರಯೋಗಕ್ಕೆ ಗೆಡ್ಡೆಕೋಶಗಳಲ್ಲಿ ಕನಿಷ್ಠ ಶೇ. 50ರಷ್ಟರಲ್ಲಿ ಪಿಡಿ-ಎಲ್1 ಇದ್ದವರನ್ನೇ ಆರಿಸಿಕೊಂಡಿದ್ದರು. ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧಿಗೆ ಸ್ಪಂದಿಸಿದವರು ಶೇ. 44.8. ಹೀಗೆ ಸೋಸಿ ಆರಿಸಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಯ ಗೆಡ್ಡೆ ‘ಸ್ಪಂದನೆ’ಯ ಮಟ್ಟಕ್ಕೆ ಕುಗ್ಗಲಿಲ್ಲ. ಅತ್ತ ಇದೇ ಔಷಧಿಯನ್ನು ಕೀಮೋ ಜೊತೆಗೆ ಕೊಟ್ಟ 2018ರ ಕೀನೋಟ್-189ರಲ್ಲಿ ಪಿಡಿ-ಎಲ್1 ಶೇ. 1ಕ್ಕಿಂತ ಕಡಿಮೆ ಇದ್ದವರಿಗೂ ಲಾಭವಾಯಿತು.

ಎಸ್‌ಟಿಕೆ11 ಜೀನಿನ ಪ್ರಕರಣ ಇನ್ನೂ ಬಗೆಹರಿದಿಲ್ಲ. ಅದರಲ್ಲಿ ರೂಪಾಂತರವಿರುವ ಕ್ಯಾನ್ಸರುಗಳು ಇಮ್ಯುನೊಥೆರಪಿಗೆ ಬಗ್ಗುವುದು ಕಷ್ಟವೆಂದು ಒಂದು ವಾದ. ಅವು ಕೀಮೋಗೂ ಬಗ್ಗುವುದಿಲ್ಲ, ಆದ್ದರಿಂದ ಇದು ಬರಿಯ ರೋಗಗತಿಸೂಚಕವೆಂದು ಪ್ರತಿವಾದ. ಸಿಟಿ ಚಿತ್ರಗಳನ್ನು ಓದುವ ಕೃತಕ ಬುದ್ಧಿಮತ್ತೆಯ ಮಾದರಿಗಳಲ್ಲಿ ಅನೇಕವು ಇಮ್ಯುನೊಥೆರಪಿ ಪಡೆದವರ ಮಾಹಿತಿಯಿಂದಲೇ ಕಲಿತಿರುತ್ತವೆ, ಕೀಮೋ ಪಡೆದವರ ಗುಂಪನ್ನು ಅವು ನೋಡಿಯೇ ಇರುವುದಿಲ್ಲ. ಅಂಥ ಮಾದರಿ ನೂರಕ್ಕೆ ತೊಂಬತ್ತು ಸಲ ಸರಿ ಹೇಳಿದರೂ, ಹೋಲಿಕೆಯ ಗುಂಪಿನಲ್ಲಿ ಪರೀಕ್ಷೆಯಾಗುವ ತನಕ ಅದನ್ನು ಮುನ್ಸೂಚಕ ಎಂದು ಕರೆಯಲಾಗದು.