ನೀರಿನ ದರ: ಯಾವುದರಿಂದ ಭಾಗಿಸಬೇಕು?

ಬಜೆಟ್ ಕಾಲ ಬಂತೆಂದರೆ ಪುರಸಭೆಗಳಲ್ಲಿ ನೀರಿನ ದರದ ಲೆಕ್ಕದ ಹಾಳೆ ಹೊರಬರುತ್ತದೆ. ಪ್ರತಿ ಸಲವೂ ಅದರಲ್ಲಿ ಒಂದೇ ತಪ್ಪು. ವರ್ಷದ ಖರ್ಚನ್ನು ಪಂಪ್ ಎತ್ತಿದ ನೀರಿನಿಂದ ಭಾಗಿಸಿ, ಬಂದ ಅಂಕಿಯನ್ನೇ ದರವೆಂದು ಬರೆದಿರುತ್ತಾರೆ.

ಭೀಮೆಯಿಂದ ನೀರೆತ್ತುವ, 6,000 ನಳಗಳ ಒಂದು ಪಟ್ಟಣ ಇದೆ ಅಂದುಕೊಳ್ಳಿ. ಕರೆಂಟಿಗೆ 60 ಲಕ್ಷ, ಸಂಬಳಕ್ಕೆ 30, ಆಲಂ, ಬ್ಲೀಚಿಂಗ್, ದುರಸ್ತಿಗೆ 18, ಪಂಪು ಪೈಪು ಬದಲಿಸಲು ತೆಗೆದಿಡುವುದು 12. ಒಟ್ಟು 120 ಲಕ್ಷ ರೂಪಾಯಿ. ಎತ್ತಿದ ನೀರು 10 ಲಕ್ಷ ಕಿಲೋಲೀಟರ್. ಹಾಗಾದರೆ ಕಿಲೋಲೀಟರಿಗೆ 12 ರೂಪಾಯಿ ಎಂದು ಸಭೆ ಒಪ್ಪಿಬಿಡುತ್ತದೆ. ಆದರೆ ಆ ನೀರಿನಲ್ಲಿ ನೂರಕ್ಕೆ 35 ಪಾಲು ಸೋರಿಕೆಗೂ ಅನಧಿಕೃತ ನಳಗಳಿಗೂ ಹೋದರೆ ಬಿಲ್ ಆಗುವುದು 6.5 ಲಕ್ಷ ಕಿಲೋಲೀಟರ್ ಮಾತ್ರ. ಅದಕ್ಕೆ 12ರಂತೆ ಬೇಡಿಕೆ, ಅಂದರೆ ಬಿಲ್ ಹಾಕಿದ ಮೊತ್ತ, 78 ಲಕ್ಷ. ನೂರಕ್ಕೆ 70 ವಸೂಲಾದರೆ ಕೈಗೆ ಬರುವುದು 54.6 ಲಕ್ಷ. ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿಗೇ ಅದು ಸಾಲದು.

ಖರ್ಚನ್ನು ಬಿಲ್ ಆಗುವ ನೀರಿನಿಂದಲೇ ಭಾಗಿಸಿ: 120ನ್ನು 6.5ರಿಂದ ಭಾಗಿಸಿದರೆ 18.46 ರೂಪಾಯಿ. ಇಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಸೂಲಿಯ 70 ಪಾಲಿನಿಂದಲೂ ಭಾಗಿಸಿ 26 ರೂಪಾಯಿ ದಾಟಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ತಪ್ಪದೆ ಕಟ್ಟುವ ಮನೆಯ ಮೇಲೆ ಕಟ್ಟದವರ ಭಾರ ಹೊರಿಸಿದರೆ ಮುಂದಿನ ವರ್ಷ ಅವರೂ ನಿಲ್ಲಿಸುತ್ತಾರೆ. ಕೊರತೆಯನ್ನು ಸಾಮಾನ್ಯ ನಿಧಿಯಿಂದ ತುಂಬುತ್ತಿದ್ದೇವೆಂದು ಲೆಕ್ಕದಲ್ಲಿ ಬರೆದು ತೋರಿಸಿ. ಬೇಡಿಕೆ, ವಸೂಲಿ, ಬಾಕಿ ತೋರಿಸುವ ತಃಖ್ತೆಯಲ್ಲಿ (ಪಟ್ಟಿಯಲ್ಲಿ) ಹಳೆ ಬಾಕಿಯನ್ನು ಚಾಲ್ತಿ ವರ್ಷದಿಂದ ಬೇರೆಯಾಗಿಡಿ. ಇವೆರಡು ಬೆರೆತರೆ ಹಳೆ ಬಾಕಿ ಬಂದ ವರ್ಷ ವಸೂಲಿ ಚೆನ್ನಾಗಿದೆ ಎಂದು ಮೋಸ ಹೋಗುತ್ತೀರಿ.

ಬೇಸಿಗೆಯ ಮಾತೂ ಇದೆ. ಏಪ್ರಿಲ್, ಮೇನಲ್ಲಿ ನದಿ ಬತ್ತಿ ನೀರು ಕಡಿಮೆಯಾದಾಗ ಮೀಟರ್ ಓಡುವುದು ಕಡಿಮೆ, ಆದರೆ ಸಂಬಳವೂ ಕರೆಂಟಿನ ನಿಗದಿತ ಶುಲ್ಕವೂ ತಗ್ಗುವುದಿಲ್ಲ. ಆ ಬಗೆಯ ಖರ್ಚು 54 ಲಕ್ಷವಾದರೆ 6,000 ನಳಗಳಿಗೆ ತಿಂಗಳಿಗೆ ತಲಾ 75 ರೂಪಾಯಿ ನಿಗದಿತ ಶುಲ್ಕ, ಉಳಿದ 66 ಲಕ್ಷಕ್ಕೆ ಕಿಲೋಲೀಟರಿಗೆ 10.15 ರೂಪಾಯಿ. ಬಡ ಬಡಾವಣೆಗಳಿಗೆ ರಿಯಾಯಿತಿ ಕೊಡಲೇಬೇಕು. ಅದರ ಹಣ ಎಲ್ಲಿಂದ ಎಂಬುದೂ ಅದೇ ಹಾಳೆಯಲ್ಲಿರಲಿ. ದರ ಜಾರಿಗೆ ಮುನ್ನ ಸದ್ಯದ ಸರ್ಕಾರಿ ಆದೇಶವನ್ನು ಓದಿಕೊಳ್ಳಿ.

ಇನ್ನು ಸೋರಿಕೆಯ ಆ 35. ಅದನ್ನು ಅಂದಾಜಿಗೆ ಬರೆಯಬೇಡಿ. ಪಂಪಿನ ಮೇಲಿನ ಫಲಕದಲ್ಲಿ ಗಂಟೆಗೆ 100 ಕಿಲೋಲೀಟರ್ ಎಂದಿದ್ದರೆ, ಅದನ್ನೇ ಓಡಿದ ಗಂಟೆಗಳಿಂದ ಗುಣಿಸಿ ಎತ್ತಿದ ನೀರು ಇಷ್ಟೆಂದು ಬರೆಯುತ್ತಾರೆ. ಎತ್ತಿದ ಒಟ್ಟು ನೀರನ್ನು ಅಳೆಯುವ ಬಲ್ಕ್ ಮೀಟರ್ ಇಲ್ಲದಿದ್ದರೆ ಹೀಗೆ ಮಾಡಿ: ಓವರ್‌ಹೆಡ್ ಟ್ಯಾಂಕಿನ ಹೊರಹೋಗುವ ವಾಲ್ವ್ ಪೂರ್ತಿ ಮುಚ್ಚಿ, ಒಂದು ಗಂಟೆ ಪಂಪ್ ಓಡಿಸಿ, ನೀರು ಎಷ್ಟು ಏರಿತೆಂದು ಅಳೆಯಿರಿ. ಒಳವ್ಯಾಸ 10 ಮೀಟರ್ ಇರುವ ದುಂಡು ಟ್ಯಾಂಕಿನಲ್ಲಿ ಒಂದು ಮೀಟರ್ ಏರಿದರೆ 78.5 ಕಿಲೋಲೀಟರ್. ಅಂದರೆ ಉಳಿದ 21.5 ಕಿಲೋಲೀಟರ್ ಈ ಟ್ಯಾಂಕಿಗೆ ಬಂದೇ ಇಲ್ಲ. ಪಂಪಿನೊಳಗೆ ತಿರುಗುವ ಚಕ್ರ (ಇಂಪೆಲರ್) ಸವೆದಿರಬಹುದು, ಇಲ್ಲವೇ ಪಂಪಿನಿಂದ ಟ್ಯಾಂಕಿಗೆ ಬರುವ ಏರುಕೊಳವೆಯಲ್ಲೇ ಒಡಕಿರಬಹುದು. ಊರೊಳಗಿನ ರಸ್ತೆ ಅಗೆದು ಸೋರಿಕೆ ಹುಡುಕಿದರೆ ಅದು ಅಲ್ಲಿ ಸಿಗುವುದಿಲ್ಲ. ಸಿಬ್ಬಂದಿಯಲ್ಲಿ ನೀರುಗಂಟಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ, ಅವರನ್ನು ಕೇಳಿ. ಎರಡು ಪಂಪ್ ಇದ್ದರೆ ಒಂದೊಂದನ್ನೇ ಬೇರೆ ಬೇರೆ ದಿನ ಓಡಿಸಿ ಅಳೆಯಿರಿ.